ಇಲಿ ಕಡಿದ ವೈರು, ಹೊತ್ತದ ಎಣ್ಣೆಗಿಂಡಿ: ಭಾವನ ಕಾರಿನ ದುರಸ್ತಿ ದಾಖಲೆ

ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಹೊಗೆ ಮಾನದಂಡ ಬಿಎಸ್4. ಮೀಟರಿನಲ್ಲಿ 78 ಸಾವಿರ ಕಿಲೋಮೀಟರ್. ಒಡೆಯರು ನನ್ನ ಭಾವ, ಊರು ಆನಗೋಡಿನ ಹತ್ತಿರ. ಮಳೆಗಾಲ ಹಿಡಿದಾಗಿನಿಂದ ಮೆಕ್ಕೆಜೋಳದ ಒಕ್ಕಣೆ ಮುಗಿಯುವ ತನಕ ಕಾರು ತಗಡಿನ ಶೆಡ್ಡಿನಲ್ಲಿ ಜೋಳದ ಚೀಲಗಳ ಮಗ್ಗುಲಲ್ಲೇ ನಿಂತಿತ್ತು. ಹೊರಗೆ ತೆಗೆದ ದಿನ ಡ್ಯಾಶ್‌ಬೋರ್ಡ್ ತುಂಬ ದೀಪ. ಟ್ರ್ಯಾಕ್ಟರಿನ ಬ್ಯಾಟರಿಯಿಂದ ವೈರು ಎಳೆದು ಸ್ಟಾರ್ಟ್ ಮಾಡಿಕೊಂಡು ದಾವಣಗೆರೆಗೆ ತಂದಿದ್ದಾರೆ. ಇಲ್ಲಿನ ಒಂದು ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ನೋಡಿ, "ಎರಡೂ ಆಕ್ಸಿಜನ್ ಸೆನ್ಸರ್ ಹೋಗಿವೆ, ಕೂಲಿ ಸೇರಿ ಹನ್ನೊಂದು ಸಾವಿರ" ಎಂದರಂತೆ. ಎಂಜಿನ್ ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆ ಎಂದು ನೋಡುವ ಸೆನ್ಸರ್‌ಗಳು ಅವು. ಭಾವನಿಗೆ ಮನಸ್ಸು ಒಪ್ಪಲಿಲ್ಲ. ನಿಟ್ಟುವಳ್ಳಿಯ ನಮ್ಮ ಮನೆ ಮುಂದೆ ತಂದು ನಿಲ್ಲಿಸಿ, "ನೀನೇ ಒಮ್ಮೆ ನೋಡಪ್ಪ, ಆಮೇಲೆ ಬೇಕಾದರೆ ಕೊಡೋಣ" ಎಂದರು.

ನಾನು ಕಾರು ಮೆಕ್ಯಾನಿಕ್ ಅಲ್ಲ. ಅಕ್ಕಿ ಗಿರಣಿಗಳ ಮೋಟಾರು, ಪ್ಯಾನೆಲ್‌ಗಳ ದುರಸ್ತಿ ನನ್ನ ಕಸುಬು. ಮಲ್ಟಿಮೀಟರ್ ಹಿಡಿದು ವೈರಿನ ಬೆನ್ನು ಹತ್ತುವುದು ಮಾತ್ರ ಚೆನ್ನಾಗಿ ಗೊತ್ತು. ಈ ಕೆಲಸದಲ್ಲಿ ಬಳಸಿದ್ದು ಅದೇ ಮೀಟರ್, 850 ರೂಪಾಯಿಯ ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವಂಥದ್ದು), ಮೊಬೈಲಿನಲ್ಲಿ ಅದರ ಆ್ಯಪ್, 8ರಿಂದ 19ರವರೆಗಿನ ಸ್ಪ್ಯಾನರ್ ಮತ್ತು ಸಾಕೆಟ್‌ಗಳು, ಜಾಕಿ, ಜಿ-ಕ್ಲ್ಯಾಂಪ್, ಬೆಸುಗೆ ಕಡ್ಡಿ, ದೊಡ್ಡ ಸಿರಿಂಜ್, ಹಳೆಯ 21 ವ್ಯಾಟ್ ಇಂಡಿಕೇಟರ್ ಬಲ್ಬ್ ಒಂದು. ಎಲ್ಲಕ್ಕಿಂತ ಹೆಚ್ಚು ದುಡಿದದ್ದು ಆ ಬಲ್ಬ್.

ಹಂತ 1: ಮುಟ್ಟುವ ಮೊದಲು ಎರಡು ಫೋಟೊ

ಕೀಲಿಯನ್ನು ಆನ್‌ಗೆ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಒಂದು ಫೋಟೊ. ಸ್ಟಾರ್ಟ್ ಮಾಡಿದ ಮೇಲೆ ಇನ್ನೊಂದು. ಕೀಲಿ ತಿರುಗಿಸಿದಾಗ ಎಚ್ಚರಿಕೆಯ ದೀಪಗಳೆಲ್ಲ ಒಮ್ಮೆ ಹೊತ್ತಬೇಕು, ಅದು ಗಾಡಿ ತನ್ನ ದೀಪಗಳನ್ನು ತಾನೇ ಪರೀಕ್ಷಿಸಿಕೊಳ್ಳುವ ಕ್ರಮ. ಕೆಲವು ಒಂದೆರಡು ಸೆಕೆಂಡಿನಲ್ಲಿ ಆರುತ್ತವೆ. ಎಂಜಿನ್, ಬ್ಯಾಟರಿ, ಆಯಿಲ್ ದೀಪಗಳು ಸ್ಟಾರ್ಟ್ ಆಗುವವರೆಗೂ ಇರುತ್ತವೆ.

ಎರಡನೆಯ ಫೋಟೊದಲ್ಲಿ, ಅಂದರೆ ಎಂಜಿನ್ ಓಡುತ್ತಿರುವಾಗ, ಉಳಿದುಕೊಂಡ ದೀಪಗಳು: ಹಳದಿ ಎಂಜಿನ್ ಚಿತ್ರ, ಹಳದಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ), ಹಳದಿ ಸ್ಟೀರಿಂಗ್, ಸ್ಪ್ಯಾನರ್ ಚಿತ್ರ, ಮತ್ತು ಬಂದು ಹೋಗಿ ಆಡುತ್ತಿದ್ದ ಕೆಂಪು ಬ್ರೇಕ್ ದೀಪ. ಭಾವ ಇವನ್ನೇ ಬೆರಳು ಮಡಚಿ ಎಣಿಸುತ್ತಿದ್ದರು. ನನ್ನ ಕಣ್ಣು ಹೋದದ್ದು ಮೊದಲನೆಯ ಫೋಟೊಕ್ಕೆ. ಗಾಡಿಯ ಕೈಪಿಡಿಯಲ್ಲಿರುವ ಚಿತ್ರದ ಪಕ್ಕ ಹಿಡಿದು ನೋಡಿದರೆ ಅಲ್ಲಿ ಕೆಂಪು ಎಣ್ಣೆಗಿಂಡಿಯೇ, ಅಂದರೆ ಎಂಜಿನ್ ಆಯಿಲ್ ಒತ್ತಡದ ದೀಪವೇ, ಇರಲಿಲ್ಲ. ಹೊತ್ತಲೇಬೇಕಾದ ದೀಪ ಹೊತ್ತಿಲ್ಲ. ಆಯಿಲ್ ಒತ್ತಡ ಬಿದ್ದಿದ್ದರೂ ಗೊತ್ತಾಗದ ಸ್ಥಿತಿಯಲ್ಲಿ ಭಾವ ಊರಿಂದ ಇಲ್ಲಿಯವರೆಗೆ ಓಡಿಸಿಕೊಂಡು ಬಂದಿದ್ದರು.

ಕೆಂಪು ಬಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಬೇಕು, ಹಳದಿ ಬಂದರೆ ಬೇಗ ತೋರಿಸಬೇಕು, ಹಸಿರು-ನೀಲಿ ಬರೀ ಮಾಹಿತಿ. ಹಳದಿಗೆ ಒಂದು ವಿನಾಯಿತಿ ಇದೆ: ಎಂಜಿನ್ ದೀಪ ಸುಮ್ಮನೆ ಉರಿಯದೆ ಮಿಟುಕುತ್ತಿದ್ದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಸುಡುತ್ತಿಲ್ಲ ಎಂದರ್ಥ. ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಡುತ್ತದೆ. ಆಗ ವೇಗ ಇಳಿಸಿ ಪಕ್ಕಕ್ಕೆ ಹಾಕುವುದೇ ಸರಿ. ಭಾವನ ಗಾಡಿಯಲ್ಲಿ ಅದು ಮಿಟುಕುತ್ತಿರಲಿಲ್ಲ. ಕೆಲಸದ ಸಾಲು ಹೀಗೆ ಹಾಕಿಕೊಂಡೆ: ಬ್ಯಾಟರಿ, ಆಮೇಲೆ ಕೆಂಪು ಎರಡು, ಕೊನೆಗೆ ಹಳದಿ.

ಹಂತ 2: ಬ್ಯಾಟರಿ

ಎಂಜಿನ್ ಬಂದ್ ಮಾಡಿ ಅಳೆದರೆ 11.3 ವೋಲ್ಟ್. ತುಂಬಿದ ಬ್ಯಾಟರಿ 12.6 ತೋರಿಸಬೇಕು. ವೋಲ್ಟೇಜ್ ಇಷ್ಟು ಇಳಿದಿರುವಾಗ ಉಳಿದ ದೀಪಗಳ ಮಾತನ್ನು ನಂಬುವಂತಿಲ್ಲ. ಬ್ಯಾಟರಿ ಬಿಚ್ಚಿ ಪಿ.ಬಿ. ರಸ್ತೆಯ ಅಂಗಡಿಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಇಟ್ಟೆವು, 150 ರೂಪಾಯಿ. ಟರ್ಮಿನಲ್ ಮೇಲೆ ಕಟ್ಟಿದ್ದ ಬಿಳಿ-ಹಸಿರು ಹಿಟ್ಟನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ, ವ್ಯಾಸಲೀನ್ ಸವರಿದೆ. ಬಿಚ್ಚುವಾಗ ಮೊದಲು ಮೈನಸ್, ಕಟ್ಟುವಾಗ ಕೊನೆಗೆ ಮೈನಸ್.

ಮರುದಿನ 12.6. ಎಂಜಿನ್ ಓಡುವಾಗ 14.1, ಹೆಡ್‌ಲೈಟ್ ಮತ್ತು ಎಸಿ ಫ್ಯಾನ್ ಹಾಕಿದರೂ 13.8. ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರ್ ಚೆನ್ನಾಗಿದೆ. ಸ್ವಲ್ಪ ದೂರ ಓಡಿಸುವಷ್ಟರಲ್ಲಿ ಎಬಿಎಸ್ ಮತ್ತು ಸ್ಟೀರಿಂಗ್ ದೀಪಗಳು ತಾವಾಗಿ ಆರಿದವು. ಈ ಎರಡಕ್ಕೆ ಬೇರೆ ಯಾವ ರಿಪೇರಿಯೂ ಬೇಕಾಗಲಿಲ್ಲ. ಬ್ಯಾಟರಿ ನೋಡದೆ ಎಬಿಎಸ್ ಸೆನ್ಸರ್ ಬದಲಾಯಿಸಿದವರು ನಮ್ಮ ಬೀದಿಯಲ್ಲೇ ಇದ್ದಾರೆ.

ಹಂತ 3: ಎಣ್ಣೆಗಿಂಡಿ

ಈ ದೀಪ ಹೇಳುವುದು ಆಯಿಲ್ ಎಷ್ಟಿದೆ ಎಂದಲ್ಲ, ಒತ್ತಡ ಇದೆಯೇ ಎಂದು. ಒತ್ತಡದ ಸ್ವಿಚ್ ಆಯಿಲ್ ಫಿಲ್ಟರಿನ ಪಕ್ಕ ಎಂಜಿನ್ ಮೈಗೆ ತಿರುಪಿನಂತೆ ಕೂತಿರುತ್ತದೆ, ಅದಕ್ಕೆ ಒಂದೇ ವೈರು. ಒತ್ತಡ ಇಲ್ಲದಾಗ ಆ ವೈರನ್ನು ಎಂಜಿನ್ ಮೈಗೆ ಸೇರಿಸುತ್ತದೆ, ದೀಪ ಹೊತ್ತುತ್ತದೆ. ಒತ್ತಡ ಬಂದಾಗ ಬಿಡಿಸುತ್ತದೆ, ಆರುತ್ತದೆ. ವೈರೇ ತುಂಡಾಗಿದ್ದರೆ ದೀಪ ಯಾವತ್ತೂ ಹೊತ್ತುವುದಿಲ್ಲ, ಓಡಿಸುವವರಿಗೆ ಎಲ್ಲ ಸರಿ ಇದೆ ಎನಿಸುತ್ತದೆ.

ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್ ಕೆಳಗಿನ ಗೆರೆಗಿಂತ ತುಸು ಮೇಲೆ, ಬಣ್ಣ ಕಪ್ಪು. ಕಡಿಮೆಯಾದರೂ ಅಪಾಯದ ಮಟ್ಟವಲ್ಲ. ಆಮೇಲೆ ಟಾರ್ಚ್ ಹಿಡಿದು ಕೆಳಗೆ ಬಗ್ಗಿದರೆ ಸ್ವಿಚ್ಚಿನ ತಲೆಯಲ್ಲಿ ಕನೆಕ್ಟರ್ ಇತ್ತು, ಅದರಿಂದ ಹೊರಟ ವೈರು ಎರಡು ಬೆರಳಗಲಕ್ಕೇ ಮುಗಿದಿತ್ತು. ಇನ್ನೊಂದು ತುದಿ ಫಿಲ್ಟರಿನ ಹಿಂದೆ ನೇತಾಡುತ್ತಿತ್ತು. ತುದಿಯಲ್ಲಿ ಹಲ್ಲಿನ ಗುರುತು ಸ್ಪಷ್ಟ, ಪ್ಲಾಸ್ಟಿಕ್ ಮೇಲೆ ಓರೆಯಾದ ಜೋಡಿ ಗೀರುಗಳು.

ಕೀಲಿ ಆನ್ ಮಾಡಿ ನೇತಾಡುವ ತುದಿಯನ್ನು ಎಂಜಿನ್ ಮೈಗೆ ತಾಗಿಸಿದೆ. ಒಳಗೆ ಕೂತಿದ್ದ ಅಕ್ಕನ ಮಗ, "ಮಾಮ, ಬಂತು" ಎಂದ. ದೀಪವೂ ಸರಿ, ಅಲ್ಲಿಯವರೆಗಿನ ವೈರೂ ಸರಿ. ಗಿಡ್ಡ ವೈರಿನ ಸಮೇತ ಹೊಸ ಕನೆಕ್ಟರ್ 120 ರೂಪಾಯಿ. ಬೆಸೆದು, ಶಾಖಕ್ಕೆ ಕುಗ್ಗುವ ಟ್ಯೂಬ್ ಹಾಕಿ ಮುಚ್ಚಿದೆ. ಈಗ ಕೀಲಿಗೆ ಹೊತ್ತುತ್ತದೆ, ಸ್ಟಾರ್ಟ್ ಆದ ಎರಡು ಸೆಕೆಂಡಿನೊಳಗೆ ಆರುತ್ತದೆ. ಓಡುವಾಗ ಯಾವಾಗಲಾದರೂ ಹೊತ್ತಿದರೆ ಮುಂದಿನ ಪೆಟ್ರೋಲ್ ಬಂಕ್ ತನಕ ಹೋಗೋಣ ಎನ್ನುವ ಲೆಕ್ಕ ಬೇಡ, ಅಲ್ಲೇ ಎಂಜಿನ್ ಬಂದ್ ಮಾಡಿ ಎಂದು ಭಾವನಿಗೆ ಒತ್ತಿ ಹೇಳಿದ್ದೇನೆ.

ಇಲಿಯ ಕಾರುಬಾರು ಗೊತ್ತಾದ ಮೇಲೆ ಏರ್ ಫಿಲ್ಟರ್ ಡಬ್ಬಿಯನ್ನೂ ತೆಗೆದು ನೋಡಿದೆವು. ಒಳಗೆ ಒಂದು ಹಿಡಿ ಮೆಕ್ಕೆಜೋಳದ ಕಾಳು, ತೆನೆಯ ಸಿಪ್ಪೆ ಸೀಳಿ ಮಾಡಿದ ಹಾಸಿಗೆ, ಫಿಲ್ಟರಿನ ಮೂಲೆಯಲ್ಲಿ ತೂತು. ಫಿಲ್ಟರ್ ಬದಲಾಯಿಸಿದೆ, 280 ರೂಪಾಯಿ.

ಹಂತ 4: ಬ್ರೇಕ್ ದೀಪ

ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿದ್ದರೂ ಈ ದೀಪ ತಿರುವಿನಲ್ಲಿ ಹೊತ್ತಿ, ನೇರ ರಸ್ತೆಗೆ ಬಂದಾಗ ಆರುತ್ತಿತ್ತು. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಕಡಿಮೆಯಾಗಿ, ತಿರುವಿನಲ್ಲಿ ಒಂದು ಬದಿಗೆ ಸರಿದಾಗ ಒಳಗಿನ ತೇಲುಗುಂಡು ಇಳಿಯುತ್ತದೆ, ಅದರ ಲಕ್ಷಣ ಇದು. ನಾನು ಆಯಿಲ್ ದೀಪದ ಕೆಲಸದಲ್ಲಿದ್ದಾಗ ಭಾವ ಅಂಗಡಿಗೆ ಹೋಗಿ ಅರ್ಧ ಲೀಟರ್ ಡಾಟ್ 3 ಬ್ರೇಕ್ ಆಯಿಲ್ ತಂದು ಮೇಲಿನ ಗೆರೆಯವರೆಗೆ ತುಂಬಿಸಿಬಿಟ್ಟರು. ದೀಪ ಆರಿತು. "ಇಷ್ಟೇ ತಾನೆ?" ಎಂದರು.

ಇಷ್ಟೇ ಅಲ್ಲ. ಆ ಎಣ್ಣೆ ಎಂಜಿನ್ ಆಯಿಲ್‌ನಂತೆ ಉರಿದು ಹೋಗುವಂಥದ್ದಲ್ಲ. ಕಡಿಮೆಯಾಗಿದ್ದರೆ ಒಂದೋ ಎಲ್ಲಿಯೋ ಸೋರಿದೆ, ಇಲ್ಲವೇ ಬ್ರೇಕ್ ಪ್ಯಾಡ್ ಸವೆದು ಪಿಸ್ಟನ್ ಮುಂದೆ ಬಂದ ಜಾಗವನ್ನು ಅದು ತುಂಬಿದೆ. ನಾಲ್ಕೂ ಚಕ್ರದ ಒಳಮೈ ತಡವಿ ನೋಡಿದೆ, ಒಣಗಿತ್ತು. ಪೆಡಲ್ ಒತ್ತಿ ಹಿಡಿದರೆ ಗಟ್ಟಿಯಾಗಿ ನಿಂತಿತು, ಕುಸಿಯಲಿಲ್ಲ. ಹಾಗಾದರೆ ಪ್ಯಾಡ್.

ಮುಂದಿನ ಎಡ ಚಕ್ರ ಬಿಚ್ಚಿದರೆ ಒಳಬದಿಯ ಪ್ಯಾಡಿನಲ್ಲಿ ಉಳಿದದ್ದು ಸುಮಾರು 2 ಮಿಲಿಮೀಟರ್. ಹೊಸದರಲ್ಲಿ 10ರ ಆಸುಪಾಸು ಇತ್ತು. ಮುಂದಿನ ಜೋಡಿಗೆ 1,350 ರೂಪಾಯಿ. ಪ್ಯಾಡ್‌ಗಳನ್ನು ಒತ್ತುವ ಕ್ಯಾಲಿಪರಿನ ಕೆಳಗಿನ ಬೋಲ್ಟ್ ತೆಗೆದು ಮೇಲಕ್ಕೆತ್ತಿ, ಹಳೆಯ ಪ್ಯಾಡ್ ಕಳಚಿ, ಜಿ-ಕ್ಲ್ಯಾಂಪಿನಿಂದ ಪಿಸ್ಟನ್ನನ್ನು ಮೆಲ್ಲಗೆ ಒಳಗೆ ತಳ್ಳಬೇಕು. ತಳ್ಳಿದಷ್ಟೂ ಎಣ್ಣೆ ಹಿಂದಕ್ಕೆ ಡಬ್ಬಿಗೆ ಬರುತ್ತದೆ. ಭಾವ ತುಂಬಿಸಿದ್ದು ಈಗ ಬಾಯಿಯವರೆಗೆ ಏರಿತು. ಅಕ್ಕನ ಮಗ ಸಿರಿಂಜಿನಲ್ಲಿ ಎಳೆದೆಳೆದು ಬಾಟಲಿಗೆ ಹಾಕುತ್ತಾ ಹೋದ. ಎರಡು ಹನಿ ಫೆಂಡರಿನ ಮೇಲೆ ಬಿದ್ದವು, ತಕ್ಷಣ ನೀರು ಸುರಿದು ತೊಳೆದೆವು. ಬಿಟ್ಟಿದ್ದರೆ ಬಣ್ಣ ಎದ್ದು ಬರುತ್ತಿತ್ತು.

ಬಲಗಡೆಯದೂ ಮುಗಿದ ಮೇಲೆ ಗಾಡಿ ಅಲುಗಾಡಿಸುವ ಮೊದಲೇ ಪೆಡಲನ್ನು ಗಟ್ಟಿಯಾಗುವವರೆಗೆ ಒತ್ತಿದೆ. ಇದನ್ನು ಮರೆತರೆ ಮೊದಲ ಬ್ರೇಕಿಗೆ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎಣ್ಣೆ ಈಗ ಎರಡು ಗೆರೆಗಳ ನಡುವೆ ಇದೆ. ಬಾಟಲಿ 220 ರೂಪಾಯಿ. ಸಿರಿಂಜಿನಿಂದ ತೆಗೆದದ್ದನ್ನು ಮತ್ತೆ ಬಳಸಲಿಲ್ಲ.

ಹಂತ 5: ಎಂಜಿನ್ ದೀಪ

ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಪೋರ್ಟಿಗೆ ಸ್ಕ್ಯಾನರ್ ಹಾಕಿದೆ. ಎರಡು ಕೋಡ್: ಪಿ0135 ಮತ್ತು ಪಿ0141. ಮೊದಲನೆಯದು ಮುಂದಿನ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟ್, ಎರಡನೆಯದು ಹಿಂದಿನದರ ಹೀಟರ್ ಸರ್ಕ್ಯೂಟ್. ಹೀಟರ್ ಎಂದರೆ ಸೆನ್ಸರನ್ನು ಬಿಸಿ ಮಾಡಲು ಅದರೊಳಗೇ ಇರುವ ತಂತಿ. ಗ್ಯಾರೇಜಿನವರು ಓದಿದ್ದೂ ಇದನ್ನೇ. ಓದಿದ್ದು ಸರಿ, ಅರ್ಥ ಮಾಡಿದ್ದು ಅವಸರ. ಕೋಡ್ ಹೇಳುವುದು ಸರ್ಕ್ಯೂಟ್ ಕೆಟ್ಟಿದೆ ಎಂದು. ಸರ್ಕ್ಯೂಟ್ ಎಂದರೆ ಸೆನ್ಸರ್ ಮಾತ್ರವಲ್ಲ. ಫ್ಯೂಸ್, ವೈರು, ಕನೆಕ್ಟರ್, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು ಎಲ್ಲವೂ ಸೇರುತ್ತವೆ. ಬೇರೆ ಬೇರೆ ಜಾಗದಲ್ಲಿ ಕೂತ ಎರಡು ಸೆನ್ಸರ್ ಒಟ್ಟಿಗೆ ಸಾಯುವುದು ಅಪರೂಪ. ಎರಡಕ್ಕೂ ಕರೆಂಟ್ ಎಲ್ಲಿಂದ ಬರುತ್ತದೆ ಎಂದು ಮೊದಲು ನೋಡಬೇಕು.

ಮುಂದಿನ ಸೆನ್ಸರಿನ ನಾಲ್ಕು ವೈರಿನ ಕನೆಕ್ಟರ್ ಬಿಚ್ಚಿ, ಒಂದೇ ಬಣ್ಣದ ಜೋಡಿಯ ನಡುವೆ ಅಳೆದೆ: 6.8 ಓಮ್. ಹಿಂದಿನದು 7.1. ಹೀಟರ್‌ಗಳು ಎರಡೂ ಜೀವಂತ. ಗಾಡಿಯ ಕಡೆಯ ಕನೆಕ್ಟರಿನಲ್ಲಿ ಕೀಲಿ ಆನ್ ಇದ್ದರೂ ಸೊನ್ನೆ ವೋಲ್ಟ್. ಫ್ಯೂಸ್ ಡಬ್ಬಿ ತೆರೆದರೆ 15 ಆಂಪಿಯರಿನ ನೀಲಿ ಫ್ಯೂಸ್ ಸುಟ್ಟಿತ್ತು.

ಹೊಸ ಫ್ಯೂಸ್ ಹಾಕಿ ಕೀಲಿ ತಿರುಗಿಸಿದ ಕೂಡಲೇ ಅದೂ ಹೋಯಿತು. ಎರಡೂ ಸೆನ್ಸರ್ ಬಿಚ್ಚಿಟ್ಟು ಇನ್ನೊಂದು ಹಾಕಿದರೂ ಅದೇ ಗತಿ. ಸೆನ್ಸರ್‌ಗಳಿಲ್ಲದೆಯೂ ಸುಡುತ್ತಿದೆ ಎಂದರೆ ದಾರಿಯಲ್ಲೇ ಎಲ್ಲೋ ವೈರು ಗಾಡಿಯ ಲೋಹದ ಮೈಗೆ ತಾಗಿದೆ. "20 ಆಂಪಿಯರಿನದು ಹಾಕಿ ನೋಡು, ಅದು ತಡೆಯುತ್ತದೆ" ಎಂದು ಭಾವ ಸಲಹೆ ಕೊಟ್ಟರು. ಫ್ಯೂಸ್ ತಡೆದರೆ ವೈರು ಸುಡುತ್ತದೆ. ಈ ವಿಷಯದಲ್ಲಿ ಭಾವನ ಮಾತಿಗೂ ಮರ್ಯಾದೆ ಕೊಡಲಿಲ್ಲ.

ಇಲ್ಲಿ ಬಲ್ಬ್ ಕೆಲಸಕ್ಕೆ ಬಂತು. ಫ್ಯೂಸಿನ ಎರಡು ಕಚ್ಚುಗಳಿಗೆ 21 ವ್ಯಾಟ್ ಬಲ್ಬಿನ ವೈರು ಸಿಕ್ಕಿಸಿ, ಬಲ್ಬನ್ನು ಫೆಂಡರಿನ ಮೇಲೆ ಬಟ್ಟೆ ಹಾಸಿ ಇಟ್ಟೆ. ಕೀಲಿ ಆನ್ ಮಾಡಿದರೆ ಬಲ್ಬ್ ಝಗ್ಗೆಂದು ಉರಿಯಿತು. ಶಾರ್ಟ್ ಇರುವವರೆಗೆ ಹಾಗೆಯೇ ಉರಿಯುತ್ತದೆ, ಫ್ಯೂಸ್ ಖರ್ಚಾಗುವುದಿಲ್ಲ, ವೈರು ಬಿಸಿಯಾಗುವುದಿಲ್ಲ. ಈಗ ಒಣಗಿದ ಬಿದಿರು ಕಡ್ಡಿಯಿಂದ ವೈರಿನ ಕಟ್ಟನ್ನು ಫ್ಯೂಸ್ ಡಬ್ಬಿಯಿಂದ ಹಿಡಿದು ಗೇಣು ಗೇಣಾಗಿ ಅಲುಗಿಸುತ್ತಾ ಹೋದೆ, ಕಣ್ಣು ಬಲ್ಬಿನ ಮೇಲೆ. ಬ್ಯಾಟರಿ ತಟ್ಟೆಯ ಕೆಳಗೆ ಏನೂ ಇಲ್ಲ. ಗೇರ್ ಬಾಕ್ಸಿನ ಮೇಲೂ ಇಲ್ಲ. ಎಂಜಿನ್ ಹಿಂದೆ, ಸೈಲೆನ್ಸರ್ ದಾರಿ ಶುರುವಾಗುವಲ್ಲಿ ಒಂದು ತಗಡಿನ ಬ್ರ್ಯಾಕೆಟ್ ಇದೆ. ಅಲ್ಲಿ ಕಟ್ಟನ್ನು ಎತ್ತಿದಾಗ ಬಲ್ಬ್ ಆರಿತು. ಬಿಟ್ಟೆ, ಹೊತ್ತಿತು. ಮತ್ತೆ ಎತ್ತಿದೆ, ಆರಿತು.

ಹೊರಗಿನ ಸುಕ್ಕು ಕೊಳವೆ ಸೀಳಿ ನೋಡಿದರೆ ನಾಲ್ಕು ಸೆಂಟಿಮೀಟರ್ ಉದ್ದಕ್ಕೆ ಮೂರು ವೈರುಗಳ ಮೇಲ್ಪದರವೇ ಇಲ್ಲ. ಒಂದರ ತಾಮ್ರ ಹಸಿರುಗಟ್ಟಿ, ಬ್ರ್ಯಾಕೆಟ್ಟಿನ ಅಂಚಿಗೆ ಒತ್ತಿ ಕೂತಿತ್ತು. ಕೆಟ್ಟ ಭಾಗ ಕತ್ತರಿಸಿ, ಅದೇ ದಪ್ಪದ ವೈರಿನ ತುಂಡು ಸೇರಿಸಿ ಬೆಸೆದೆ. ಮೂರು ಬೆಸುಗೆಗಳು ಒಂದೇ ಕಡೆ ಬಾರದಂತೆ ಹಿಂದೆ ಮುಂದೆ ಮಾಡಿಕೊಂಡೆ. ಇದು ಗಾಡಿಯ ಕಡೆಯ ವೈರು, ಬೆಸುಗೆ ನಡೆಯುತ್ತದೆ. ಸೆನ್ಸರಿಗೇ ಅಂಟಿಕೊಂಡು ಬರುವ ವೈರಿಗೆ ಬೆಸುಗೆ ಬೇಡ. ಹಲವು ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ಆ ವೈರಿನ ಒಳಗಿಂದಲೇ ಎಳೆದುಕೊಳ್ಳುತ್ತವೆ. ಅಲ್ಲಿ ಒತ್ತಿ ಕೂರಿಸುವ ಲಗ್ ಹಾಕಬೇಕು.

ಹಂತ 6: ಕರಗಿದ ಟೇಪು, ಮೋಸ ಮಾಡಿದ ಬೀಪು

ಮೇಲೆ ಮಾಮೂಲಿ ಕಪ್ಪು ಪಿವಿಸಿ ಟೇಪ್ ಸುತ್ತಿದ್ದೆ. ಗಿರಣಿಯ ಪ್ಯಾನೆಲ್‌ಗೆ ಸುತ್ತಿ ಸುತ್ತಿ ಬಂದ ಅಭ್ಯಾಸ. ಹದಡಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಬಾನೆಟ್ಟಿನಿಂದ ಸುಟ್ಟ ವಾಸನೆ. ಟೇಪಿನ ಅಂಟು ಕರಗಿ ಬ್ರ್ಯಾಕೆಟ್ ಮೇಲೆ ಇಳಿದಿತ್ತು. ಎಲ್ಲ ಕಿತ್ತು, ಗಾಜಿನ ನಾರಿನ ತೋಳು ಹಾಕಿ, ಕಟ್ಟನ್ನು ಸೈಲೆನ್ಸರ್ ದಾರಿಯಿಂದ ಅಂಗೈ ಅಗಲ ದೂರಕ್ಕೆ ಸರಿಸಿ ತಗಡಿನ ಕ್ಲಿಪ್ಪಿನಿಂದ ಬಿಗಿದೆ. ಆ ತೋಳು ಮತ್ತು ಟ್ಯೂಬ್‌ಗೆ 180 ರೂಪಾಯಿ.

ಕೋಡ್ ಅಳಿಸುವ ಮೊದಲು ಆ್ಯಪಿನಲ್ಲಿ ಫ್ರೀಜ್ ಫ್ರೇಮ್ ಪುಟದ ಫೋಟೊ ತೆಗೆದಿಟ್ಟುಕೊಂಡೆ. ದೋಷ ಕಂಡ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಯಾವ ವೇಗ ಎಂಬುದೆಲ್ಲ ಅಲ್ಲಿರುತ್ತದೆ, ಅಳಿಸಿದರೆ ಅದೂ ಹೋಗುತ್ತದೆ. ಅಳಿಸಿ ಓಡಿಸಿದೆ. ಪಿ0135 ಬರಲಿಲ್ಲ. ಪಿ0141 ಮಾತ್ರ ಮತ್ತೆ ಬಂತು.

ಹಿಂದಿನ ಸೆನ್ಸರಿನ ಕನೆಕ್ಟರಿನಲ್ಲಿ ವೋಲ್ಟ್ ಅಳೆದೆ: 12.4. ವೈರು ತುಂಡಾಗಿಲ್ಲದಿದ್ದರೆ ಮೀಟರ್ ಬೀಪ್ ಎನ್ನುವ ಪರೀಕ್ಷೆಯನ್ನು ಫ್ಯೂಸಿನಿಂದ ಅಲ್ಲಿಯವರೆಗೆ ಮಾಡಿದರೆ ಬೀಪ್ ಕೂಡ ಬರುತ್ತದೆ. ಹಾಗಿದ್ದರೆ ಈ ಸೆನ್ಸರ್ ನಿಜವಾಗಿಯೂ ಹೋಗಿದೆಯೇ, ಗ್ಯಾರೇಜಿನವರು ಅರ್ಧ ಸರಿಯೇ ಎಂದು ಸಂಜೆಯೆಲ್ಲ ತಲೆ ಕೆಡಿಸಿಕೊಂಡೆ. ಆಮೇಲೆ ಅದೇ ಬಲ್ಬನ್ನು ಆ ಪಿನ್ನಿಗೂ ಗಾಡಿಯ ಮೈಗೂ ನಡುವೆ ಕೊಟ್ಟೆ. ಅರೆಜೀವದ ಕೆಂಪು ಎಳೆಯಷ್ಟೇ ಹೊಳೆಯಿತು, ಮೀಟರ್ 5 ವೋಲ್ಟಿಗೆ ಇಳಿಯಿತು. ಬೀಪ್ ಬರಲು ಒಂದು ತಾಮ್ರದ ಎಳೆ ಸಾಕು, ಹೀಟರ್ ಓಡಲು ಸಾಲದು. ಭಾರ ಹಾಕದೆ ಅಳೆದ ವೋಲ್ಟಿನಿಂದ ಏನೂ ತಿಳಿಯುವುದಿಲ್ಲ ಎಂಬುದು ಮೋಟಾರು ಕೆಲಸದಲ್ಲಿ ದಿನವೂ ಕಾಣುವ ಸಂಗತಿ. ಕಾರಿನ ವೈರು ತೆಳ್ಳಗಿದೆ ಎಂದು ಅದನ್ನೇ ಬಿಟ್ಟಿದ್ದೆ.

ಮುಂದಿನ ತುದಿಯನ್ನು ರ‍್ಯಾಂಪ್ ಮೇಲೆ ಏರಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಕೆಳಗೆ ತೂರಿದೆ. ಹಿಂದಿನ ಸೆನ್ಸರಿಗೆ ಹೋಗುವ ಕವಲಿನಲ್ಲಿ, ಶಾಖದ ತಗಡಿನ ಅಂಚಿಗೆ, ಇನ್ನೊಂದು ಕಡಿತ. ಒಂದೆರಡು ಎಳೆ ಮಾತ್ರ ಉಳಿದಿತ್ತು. ಕತ್ತರಿಸಿ ಬೆಸೆದು, ಈ ಸಲ ನೇರವಾಗಿ ಗಾಜಿನ ತೋಳು. ಬಲ್ಬ್ ಪೂರ್ತಿ ಬೆಳಗಿತು.

ಹಂತ 7: ಸ್ಪ್ಯಾನರ್ ಚಿತ್ರ, ರಸ್ತೆ ಪರೀಕ್ಷೆ

ಸ್ಪ್ಯಾನರ್ ದೀಪ ದೋಷದ್ದಲ್ಲ, ಸರ್ವಿಸ್ ಸಮಯ ಬಂತು ಎನ್ನುವ ನೆನಪು. ಕೈಪಿಡಿಯಲ್ಲಿ ಬರೆದ ದರ್ಜೆಯದೇ ಆಯಿಲ್ ಮತ್ತು ಫಿಲ್ಟರ್ ಬದಲಾಯಿಸಿದೆ, 1,650 ರೂಪಾಯಿ. ಆಮೇಲಷ್ಟೇ ಟ್ರಿಪ್ ಗುಂಡಿ ಒತ್ತಿ ಹಿಡಿದು ಆ ದೀಪ ಅಳಿಸಿದ್ದು. ಕ್ರಮ ಒಂದೊಂದು ಗಾಡಿಗೆ ಒಂದೊಂದು ತರಹ.

ಹೆದ್ದಾರಿ 48ರಲ್ಲಿ ಚಿತ್ರದುರ್ಗದವರೆಗೆ ಹೋಗಿ ಬಂದೆವು. ಭಾವ ಓಡಿಸಿದರು, ನಾನು ಮೊಬೈಲಿನಲ್ಲಿ ಅಂಕಿ ನೋಡುತ್ತಾ ಕೂತೆ. ಮುಂದಿನ ಸೆನ್ಸರ್ 0.1ರಿಂದ 0.9 ವೋಲ್ಟಿನ ನಡುವೆ ಚುರುಕಾಗಿ ಏರಿಳಿಯುತ್ತಿತ್ತು, ಹಿಂದಿನದು 0.7ರ ಸುತ್ತ ಬಹುತೇಕ ನಿಶ್ಚಲ. ಹೀಗೇ ಇರಬೇಕು. ಹಿಂದಿನದೂ ಮುಂದಿನದರಂತೆ ಕುಣಿಯುತ್ತಿದ್ದರೆ ಕನ್ವರ್ಟರ್ ಬಗ್ಗೆ ಯೋಚಿಸಬೇಕಾಗುತ್ತಿತ್ತು. ಹೆಬ್ಬಾಳು ಟೋಲ್ ಸಾಲಿನಲ್ಲಿ ನಿಂತಾಗಲೂ ಎಂಜಿನ್ ಒಂದೇ ಸಮನೆ ಓಡಿತು. ಮನೆಗೆ ಬಂದು ಮತ್ತೆ ಸ್ಕ್ಯಾನ್ ಮಾಡಿದರೆ ಕೋಡ್ ಇಲ್ಲ, ಬಾಕಿ ಕೋಡ್ ಪುಟವೂ ಖಾಲಿ. ಆ ಬಾಕಿ ಪುಟ ನೋಡದೆ ಕೆಲಸ ಮುಗಿಯಿತು ಎನ್ನಬೇಡಿ, ದೀಪ ಹೊತ್ತುವ ಮೊದಲು ದೋಷ ಅಲ್ಲಿ ಕಾದು ಕೂತಿರುತ್ತದೆ.

ಖರ್ಚು

ಚಾರ್ಜಿಂಗ್ 150, ಕನೆಕ್ಟರ್ 120, ಏರ್ ಫಿಲ್ಟರ್ 280, ಪ್ಯಾಡ್ 1,350, ಬ್ರೇಕ್ ಆಯಿಲ್ 220, ಫ್ಯೂಸ್‌ಗಳು 60, ತೋಳು ಮತ್ತು ಟ್ಯೂಬ್ 180, ಎಂಜಿನ್ ಆಯಿಲ್ ಮತ್ತು ಫಿಲ್ಟರ್ 1,650. ಒಟ್ಟು 4,010 ರೂಪಾಯಿ. ಸ್ಕ್ಯಾನರ್ ಮೊದಲೇ ನನ್ನಲ್ಲಿತ್ತು. ಇದರಲ್ಲಿ ಎಂಜಿನ್ ದೀಪದ ಪಾಲು 240.

ಏರ್‌ಬ್ಯಾಗ್ ದೀಪ ಉಳಿದಿದ್ದರೆ ನಾನು ಕೈ ಹಾಕುತ್ತಿರಲಿಲ್ಲ. ಆ ಹಳದಿ ಕನೆಕ್ಟರ್‌ಗಳಿಗೆ ಮಾಮೂಲಿ ಮೀಟರಿನ ಮುಳ್ಳು ಚುಚ್ಚುವುದು ಅಪಾಯ, ಅದು ಸರ್ವಿಸ್ ಸೆಂಟರಿನ ಕೆಲಸ.

ಬಾಕಿ ಇರುವುದು

ಹಿಂದಿನ ಬ್ರೇಕ್ ಡ್ರಮ್ ತೆರೆದಿಲ್ಲ. ಶೂ ಎಷ್ಟು ಉಳಿದಿದೆ ನೋಡಬೇಕು. ಏರ್ ಫಿಲ್ಟರಿಗೆ ಗಾಳಿ ಎಳೆಯುವ ಬಾಯಿಗೆ ಉಕ್ಕಿನ ಜಾಲರಿ ಕತ್ತರಿಸಿಟ್ಟಿದ್ದೇನೆ, ಕೂರಿಸಬೇಕು. ಇಲಿಗೆ ಹೊಗೆಸೊಪ್ಪು ಕಟ್ಟಿದರೆ ಬರುವುದಿಲ್ಲ ಎಂಬುದು ಭಾವನ ವಾದ. ಕಾರನ್ನು ಜೋಳದ ಶೆಡ್ಡಿನಿಂದ ಹೊರಗೆ, ಬೇವಿನ ಮರದ ಕೆಳಗೆ ನಿಲ್ಲಿಸಿ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಎಂಬುದು ನನ್ನದು. ಸದ್ಯಕ್ಕೆ ಎರಡೂ ನಡೆಯುತ್ತಿವೆ.